ಕಥೆಗೆ ಬೇಕಾದ ಸಾಮಾನು

ಸಾಹುಕಾರರ ಪೇಟೆಯೇ ಜನರ ಬಾಯಲ್ಲಿ ಸವೆದು ಸೌಕಾರ್‌ಪೇಟೆಯಾಗಿದೆ. ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿನ ಬೀದಿಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪ. ಮಿಂಟ್ ಸ್ಟ್ರೀಟಿನ ಅಂಗಡಿಗಳಲ್ಲಿ ಮಾರವಾಡಿ, ಗುಜರಾತಿ; ಬೀದಿಯಲ್ಲಿ ತಮಿಳು, ತೆಲುಗು. ಶಾಲೆಯಲ್ಲಿ ಇಂಗ್ಲಿಷು, ಅದರೊಡನೆ 2006ರ ಕಾಯಿದೆಯಿಂದ ಹಂತಹಂತವಾಗಿ ಕಡ್ಡಾಯವಾದ ತಮಿಳು. ನಿಂತ ನೆಲದ ಭಾಷೆ ಕಲಿಯುವುದು ನ್ಯಾಯವೇ ಸರಿ. ಇಷ್ಟರ ನಡುವೆ ನಮ್ಮ ಮಕ್ಕಳ ಕನ್ನಡ ಮಾತ್ರ ‘ಊಟ ಆಯ್ತು’, ‘ದುಡ್ಡು ಕೊಡಿ’ ಎಂಬಲ್ಲಿಗೆ ಬಂದು ನಿಂತಿದೆ.

ಹೀಗಾಗಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ನಡುಕೋಣೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ಎಂಟು ಮಕ್ಕಳನ್ನು ಕೂಡಿಸಿಕೊಂಡು ಕಥೆ ಕಟ್ಟುವುದನ್ನು ಹೇಳಿಕೊಡುತ್ತಿದ್ದೇವೆ. ನಾವು ಓದಿದ್ದು ಬಿ.ಎಸ್‌ಸಿ., ಮಾಡುವುದು ಕೇಂದ್ರ ಸರ್ಕಾರದ ಗುಮಾಸ್ತಿಕೆ. ಸಾಹಿತ್ಯಕ್ಕೂ ನಮಗೂ ಏನು ಸಂಬಂಧವೆಂದು ತಾವು ಕೇಳಬಹುದು. ಕಡತ ನೋಡುವವನಿಗೆ ಕಥೆ ಹೊಸದಲ್ಲ ಸ್ವಾಮಿ. ಅದರಲ್ಲಿ ಪಾತ್ರಗಳುಂಟು, ತೊಡಕುಂಟು, ಮುಕ್ತಾಯವೊಂದು ಇರುವುದಿಲ್ಲ, ಅಷ್ಟೆ.

ನೀರನ್ನು ಬಿಡಿಸಿದರೆ ಹೈಡ್ರೋಜನ್, ಆಕ್ಸಿಜನ್ ಸಿಗುವಂತೆ ಕಥೆಯನ್ನು ಬಿಡಿಸಿದರೆ ಪಾತ್ರ, ಸ್ಥಳ-ಕಾಲ, ತೊಡಕು, ತಿರುವು, ಮುಕ್ತಾಯ ಸಿಗುತ್ತವೆ. ಇದನ್ನು ಹಲಗೆಯ ಮೇಲೆ ಬರೆಯಲು ಐದು ನಿಮಿಷ ಸಾಕು. ಅವು ಕೆಲಸ ಮಾಡುವುದು ಕಣ್ಣಿಗೆ ಕಾಣಬೇಕಾದರೆ ಒಂದು ಕಥೆಯೇ ಬೇಕು. ನಾವು ಪುಣ್ಯಕೋಟಿಯನ್ನು ಹಿಡಿದೆವು.

ಕಥೆಯ ಮುಖ್ಯ ಪಾತ್ರ ಯಾರು ಎಂದಾಗ ಏಳು ಮಕ್ಕಳು ಹಸು ಎಂದರು. ಆರನೆಯ ತರಗತಿಯ ಹುಡುಗನೊಬ್ಬ ಮಾತ್ರ ಹುಲಿ ಎಂದ. ಏಕಪ್ಪಾ ಎಂದರೆ, “ಹಸು ಮೊದಲೂ ಒಳ್ಳೇದೇ, ಕೊನೆಗೂ ಒಳ್ಳೇದೇ. ಹುಲಿ ತಾನೇ ಮಾರಿದ್ದು?” ಎಂದ. ‘ಮಾರಿದ್ದು’ ತಮಿಳಿನ ಮಾತು. ಬದಲಾದದ್ದು ಎಂದು ತಿದ್ದಿದೆವು. ವಿಚಾರವನ್ನು ತಿದ್ದುವ ಅಗತ್ಯ ಬೀಳಲಿಲ್ಲ. ಮಾತು ಕೊಟ್ಟ ಹಸು ಮರಳಿ ಬಂದ ಗಳಿಗೆಯಲ್ಲಿ ಕಥೆಯೆಲ್ಲ ಹುಲಿಯ ಎದೆಯೊಳಕ್ಕೆ ಹೋಗಿಬಿಡುತ್ತದೆ. ತಿರುವು ಎಂದರೆ ಏನೆಂದು ಅಂದು ಎಂಟು ಮಕ್ಕಳಿಗೂ ತಿಳಿಯಿತು.

ಸ್ಥಳದ ಮಹತ್ವ ತಿಳಿಯಲೆಂದು ಅದೇ ಕಥೆಯನ್ನು ಮಿಂಟ್ ಸ್ಟ್ರೀಟಿಗೆ ತನ್ನಿರಿ ಎಂದೆವು. ಬೆಟ್ಟವಿಲ್ಲ, ಹುಲ್ಲುಗಾವಲಿಲ್ಲ, ಹುಲಿಯನ್ನು ಎಲ್ಲಿಂದ ತರುವುದು? ಒಬ್ಬಳು ಹುಲಿಯನ್ನು ಮನೆ ಮಾಲೀಕನನ್ನಾಗಿಯೂ ಹಸುವನ್ನು ಬಾಡಿಗೆದಾರಳನ್ನಾಗಿಯೂ ಮಾಡಿದಳು. ಒಂದು ವಾರದ ಗಡುವು ಕೇಳಿದ ಬಾಡಿಗೆದಾರಳು ಹೇಳಿದ ದಿನಕ್ಕೆ ಹಣ ತರುತ್ತಾಳೆ. ಮಾಲೀಕ ಮಹಡಿಯಿಂದ ಹಾರುವುದು ಬೇಡವೆಂದು ಆ ತಿಂಗಳ ಬಾಡಿಗೆಯನ್ನೇ ಬಿಟ್ಟುಬಿಡುತ್ತಾನೆ. ಹುಲಿ ಪ್ರಾಣ ಬಿಟ್ಟದ್ದನ್ನಾದರೂ ನಂಬಬಹುದು, ಇದನ್ನು ನಂಬುವುದು ಕಷ್ಟ ಎಂದರು ನಮ್ಮ ಮನೆಯವರು.

ನಾವು ಚಿಕ್ಕಂದಿನಲ್ಲಿ ಊರಲ್ಲಿ ಕಾದು ಕುಳಿತು ಓದುತ್ತಿದ್ದ ‘ಚಂದಮಾಮ’ ಇದೇ ಮದರಾಸಿನ ವಡಪಳನಿಯಿಂದ ಬರುತ್ತಿತ್ತು. ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿ, 1949ರಲ್ಲಿ ಕನ್ನಡಕ್ಕೂ ತಂದರು. ಈಗ ಅದು ನಿಂತುಹೋಗಿದೆ. ಅದರ ಬೇತಾಳ ಕಥೆಗಳು ನಮ್ಮ ತರಗತಿಗೆ ಹೇಳಿ ಮಾಡಿಸಿದಂತಿವೆ. ಪ್ರತಿ ಕಥೆಯ ತುದಿಗೂ ಬೇತಾಳನದೊಂದು ಪ್ರಶ್ನೆ. ರಾಜನ ಉತ್ತರವನ್ನು ಮುಚ್ಚಿಟ್ಟು ಮಕ್ಕಳನ್ನು ಕೇಳಿದರೆ ಅರ್ಧ ಗಂಟೆ ಜಗಳ ನಡೆಯುತ್ತದೆ. ಅದೂ ಕನ್ನಡದಲ್ಲಿ! ಮೇಷ್ಟರಿಗೆ ಇದಕ್ಕಿಂತ ಇನ್ನೇನು ಬೇಕು?

ಮೊನ್ನೆ ಸ್ವಂತ ಕಥೆ ಬರೆದು ತರಲು ಹೇಳಿದ್ದೆವು. ಏಳನೆಯ ತರಗತಿಯ ಹುಡುಗಿಯೊಬ್ಬಳು ಒಂದೂವರೆ ಪುಟ ಬರೆದು ತಂದಳು. ಪಾತ್ರ: ಊರಿನಿಂದ ಬಂದ ಅಜ್ಜಿ. ಸ್ಥಳ: ಮೂರನೆಯ ಮಹಡಿಯ ಮನೆ. ತೊಡಕು: ಅಜ್ಜಿ ದಿನವೂ ಕಿಟಕಿಯ ಬಳಿ ಕುಳಿತು ಮೊಮ್ಮಗಳನ್ನು ಕರೆಯುತ್ತಾಳೆ, ಅಜ್ಜಿ ಹೇಳುವುದರಲ್ಲಿ ಅರ್ಧ ಮೊಮ್ಮಗಳಿಗೆ ತಿಳಿಯುವುದಿಲ್ಲ, ತಿಳಿಯದೆ ಸುಮ್ಮನೆ ‘ಹೂಂ’ ಎನ್ನುತ್ತಾಳೆ, ಅದು ಸುಮ್ಮನೆ ಎನ್ನುವ ‘ಹೂಂ’ ಎಂದು ಅಜ್ಜಿಗೆ ಗೊತ್ತು. ಅಲ್ಲಿಗೆ ಬರಹ ನಿಂತಿತ್ತು. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದವು. ನಾವು ಕೆಂಪು ಪೆನ್ನು ಕೈಗೆತ್ತಿಕೊಳ್ಳಲಿಲ್ಲ.

“ತಿರುವು ಎಲ್ಲಮ್ಮಾ?” ಎಂದೆವು.

“ಇನ್ನೂ ಆಗಿಲ್ಲ ಅಂಕಲ್. ಅಜ್ಜಿ ದೀಪಾವಳಿವರೆಗೂ ಇರ್ತಾರೆ” ಎಂದಳು.

ಅವಳ ತಂದೆಗೆ ಆ ಕಥೆ ಅಷ್ಟಾಗಿ ರುಚಿಸಲಿಲ್ಲ. ಮನೆಯ ಮಾತು ಬೀದಿಗೇಕೆ ಎಂದರು. ಅವರ ಸಂಕೋಚ ನಮಗೂ ಅರ್ಥವಾಗದ್ದಲ್ಲ. ಅದು ಯಾವ ಮನೆಯ ಮಾತಲ್ಲ, ಹೇಳಿ? ಹೆಸರುಗಳನ್ನು ಬಿಟ್ಟು ಇಲ್ಲಿ ಬರೆಯಲು ಒಪ್ಪಿದ್ದಾರೆ. ಮುಂದಿನ ವಾರ ಅದೇ ಕಥೆಯನ್ನು ಅಜ್ಜಿಯ ಬಾಯಿಂದ ಹೇಳಿಸಬೇಕೆಂದು ಹುಡುಗಿಗೆ ಹೇಳಿದ್ದೇವೆ. ಅದಕ್ಕೆ ಅಜ್ಜಿಯನ್ನೇ ಕೇಳಬೇಕಾಗುತ್ತದೆ. ಎರಡು ದಿನಗಳಿಂದ ನೋಟ್‌ಬುಕ್ ಹಿಡಿದು ಕಿಟಕಿಯ ಬಳಿ ಕೂತಿದ್ದಾಳಂತೆ.