ಎಲೆ ಕೆಳಗಿಡುವುದು

ಹಾಸ್ಟೆಲ್ಲಿನಲ್ಲಿ ಪೋಕರ್ ಕಲಿಸಲು ಕೂತ ಗೆಳೆಯನಿಗೆ ನಾನು ಕೇಳಿದ ಮೊದಲ ಪ್ರಶ್ನೆ: "ಆಟ ಬಿಡೋದು ಹೇಗೆ?" ಅವನು ನಕ್ಕುಬಿಟ್ಟ.

ನಿಯಮವೇನೋ ಸರಳ. ಕೈಗೆ ಎರಡೆಲೆ, ಒಂದು ಸುತ್ತು ಪಣ. ನಡುವೆ ಮೂರೆಲೆ ಬಿಚ್ಚಿ ಇನ್ನೊಂದು ಸುತ್ತು. ಆಮೇಲೆ ಒಂದೊಂದೇ ಎಲೆ, ಎರಡು ಸಲ, ಆಗಲೂ ಪಣ. ಏಳರಲ್ಲಿ ಒಳ್ಳೆಯ ಐದೆಲೆ ಕೂಡಿದವರಿಗೆ ದುಡ್ಡು. ಎದುರಿನವರು ಹಾಕಿದಷ್ಟೇ ಹಾಕಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಡಬಹುದು.

ಇದನ್ನೆಲ್ಲ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಮಾವ ನನಗೆ ಆಗಲೇ ಕಲಿಸಿದ್ದರು. ಯುಗಾದಿಯ ಒಬ್ಬಟ್ಟು ಉಂಡು ಜಗಲಿಯ ಮೇಲೆ ಮೂರೆಲೆ ಆಟ, ಪಣಕ್ಕೆ ಹುಣಸೆಬೀಜ. ಒಂದೇ ಥರದ ಮೂರೆಲೆ ಎಲ್ಲಕ್ಕಿಂತ ದೊಡ್ಡದು. ಸಾಲು ಕಲರ್‌ಗಿಂತ ಮೇಲು. ಪೋಕರಿನಲ್ಲಿ ಇದು ಉಲ್ಟಾ ಅಂದಾಗ ಕೂತು ಲೆಕ್ಕ ಹಾಕಿದೆ. ಮೂರೆಲೆಯಲ್ಲಿ ಸಾಲು 720 ಬಗೆ, ಕಲರ್ 1,096. ಐದೆಲೆಯಲ್ಲಿ ಸಾಲು 10,200, ಕಲರ್ 5,108. ಯಾವುದು ಅಪರೂಪವೋ ಅದಕ್ಕೇ ಬೆಲೆ.

"ಎಲೆ ಕೆಟ್ಟಿದ್ರೆ ಕೆಳಗಿಡು ಅಳಿಯ. ಹಾಕಿದ್ದು ಹೋಯ್ತು, ಅದರ ಹಿಂದೆ ಹೋಗಬೇಡ" ಅನ್ನುತ್ತಿದ್ದರು ಮಾವ.

ಅದೇ ರಾತ್ರಿ ದೊಡ್ಡವರ ಆಟದಲ್ಲಿ ಅವರ ಬೆನ್ನ ಹಿಂದೆ ಕೂತಿದ್ದೆ. ಮಾವನ ಕೈಯಲ್ಲಿ ರಾಜನ ಜೋಡಿ. ಎದುರಿನವರು ಎಲೆ ನೋಡದೆ ಬ್ಲೈಂಡ್ ಆಡುತ್ತಿದ್ದರು. ಅವರು ನೂರು ಹಾಕಿದರೆ, ಎಲೆ ನೋಡಿದ ಮಾವ ಇನ್ನೂರು ಹಾಕಬೇಕು. ಮಾವ ಹಾಕುತ್ತಲೇ ಹೋದರು. ಕೊನೆಗೆ ಶೋ ಕೇಳಿದಾಗ ಎದುರಿಗೆ ಬಿಚ್ಚಿದ್ದು ಮೂರೂ ಕಳಾವರ.

ಅದು ಬೋರ್‌ವೆಲ್ ಮೋಟರ್ ರಿವೈಂಡಿಂಗ್‌ಗೆ ಎತ್ತಿಟ್ಟಿದ್ದ ದುಡ್ಡು. ಆ ಬೇಸಿಗೆ ಹೊಸದಾಗಿ ನೆಟ್ಟ ಅಡಿಕೆ ಸಸಿಗಳಿಗೆ ಅತ್ತೆ ಕೊಡದಲ್ಲಿ ನೀರು ಹೊತ್ತರು. ಅರ್ಧ ಸಸಿ ಉಳಿಯಲಿಲ್ಲ. ಅತ್ತೆ ಒಂದು ಮಾತೂ ಆಡಲಿಲ್ಲ, ಮಾವನೂ ಅಷ್ಟೇ.

ಬಹಳ ದಿನ ಮಾವ ತಪ್ಪಾಗಿ ಆಡಿದರು ಅಂದುಕೊಂಡಿದ್ದೆ. ಲೆಕ್ಕ ಹಾಗೆ ಹೇಳುವುದಿಲ್ಲ. 22,100 ಬಗೆಯ ಕೈಗಳಲ್ಲಿ ಜೋಡಿಗಿಂತ ಮೇಲಿನವು 1,916 ಮಾತ್ರ. ಮಾವನ ಎಲೆ ಚೆನ್ನಾಗಿಯೇ ಇತ್ತು. ಕೆಟ್ಟ ಎಲೆ ಕೆಳಗಿಡುವುದು ಅವರಿಗೆ ಗೊತ್ತಿತ್ತು. ಸೋಲಬಾರದ ದುಡ್ಡು ಜೇಬಿನಲ್ಲಿದ್ದಾಗ ಒಳ್ಳೆಯ ಎಲೆಯನ್ನೂ ಕೆಳಗಿಡಬೇಕು ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗೆಳೆಯ ಎಲೆ ಹಂಚಿದ. ಆ ತಿಂಗಳ ಮೆಸ್ ಬಿಲ್ಲಿನ ದುಡ್ಡು ನನ್ನ ಜೇಬಿನಲ್ಲಿತ್ತು. "ಹುಣಸೆಬೀಜ ಇದ್ದರೆ ಆಡ್ತೀನಿ" ಅಂದೆ.