ಈ ವರ್ಷ ಸತ್ತವರಾರು?

ಇರುವೆಯ ಸಾಲು ಕಂಡರೆ ಕಾಲನ್ನು ಓಸರಿಸಿ ನಡೆಯುವ, ಪತ್ರಿಕೆಯಲ್ಲಿ ಅಪಘಾತದ ಚಿತ್ರ ಕಂಡರೆ ಪುಟ ಮಗುಚುವ ಸಭ್ಯ ಗೃಹಸ್ಥನೊಬ್ಬನು ವರ್ಷಕ್ಕೊಮ್ಮೆ, ಲವಲೇಶವೂ ಸಂಕೋಚವಿಲ್ಲದೆ, ಒಂದು ಕೊಲೆಗಾಗಿ ಹಂಬಲಿಸುವನೆಂದರೆ ಕೇಳಿದವರು ಹುಬ್ಬೇರಿಸಿಯಾರು. ನನ್ನ ಸ್ಥಿತಿ ಅದೇ ಆಗಿದೆ. 'ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್' ಎಂಬ ಅಮೆರಿಕದ ಧಾರಾವಾಹಿಯು 2021ರ ಆಗಸ್ಟ್ 31ರಂದು ಮೊದಲಾದ ಲಾಗಾಯ್ತು, ಅದರ ಪ್ರತಿಯೊಂದು ಸೀಸನ್ನಿನ ಆರಂಭದ ಕಂತನ್ನು ನಾನು ಯುಗಾದಿಯ ಸಂಜೆ ಪಂಚಾಂಗಶ್ರವಣಕ್ಕೆ ಕುಳಿತವನಂತೆ ಕುಳಿತು ಸವಿಯುತ್ತೇನೆ. ಈ ಸಂವತ್ಸರದಲ್ಲಿ ಮರಣಯೋಗ ಯಾರದು, ಶನಿದೃಷ್ಟಿ ಯಾರ ಮೇಲೆ ಎಂಬುದೆಲ್ಲ ಆಗಲೇ ಇತ್ಯರ್ಥವಾಗಿಬಿಡಬೇಕು.

ಕಥೆ ನಡೆಯುವುದು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿರುವ 'ಆರ್ಕೋನಿಯ' ಎಂಬ ಕಲ್ಪಿತ ಸೌಧದಲ್ಲಿ. ಹೆಸರು ಕಲ್ಪಿತವಾದರೂ ಪರದೆಯ ಮೇಲೆ ಕಾಣುವ ಹೊರಗೋಡೆಗಳು ಎಂಬತ್ತಾರನೆಯ ಬೀದಿಯ 'ಬೆಲ್‌ನಾರ್ಡ್' ಎಂಬ ನಿಜವಾದ ಕಟ್ಟಡದವು. 1908–09ರಲ್ಲಿ ಎದ್ದುನಿಂತು, ನಡುವೆ ವಿಶಾಲವಾದೊಂದು ಅಂಗಳವನ್ನಿಟ್ಟುಕೊಂಡು ಒಂದಿಡೀ ಚೌಕವನ್ನೇ ಆಕ್ರಮಿಸಿರುವ ಆ ಭವನದಲ್ಲಿ ಯಿಡ್ಡಿಷ್ ಕಥೆಗಾರ, 1978ರ ನೊಬೆಲ್ ಪುರಸ್ಕೃತ ಐಸಾಕ್ ಬಾಶೆವಿಸ್ ಸಿಂಗರ್ ವಾಸವಾಗಿದ್ದನು. ಗೋಡೆಗಳಿಗೆ ಕಥೆಯ ಸಂಸ್ಕಾರ ಮೊದಲಿನಿಂದಲೂ ಇದ್ದಿತೆನ್ನಬೇಕು. ಇಲ್ಲಿನ ಮೂವರು ನಿವಾಸಿಗಳಾದ, ಹಿಂದೊಮ್ಮೆ ಪತ್ತೇದಾರನ ವೇಷ ಹಾಕಿ ಹೆಸರು ಮಾಡಿದ್ದ ನಟ ಚಾರ್ಲ್ಸ್, ಮುಗ್ಗರಿಸಿದ ನಾಟಕಗಳ ನಿರ್ದೇಶಕ ಆಲಿವರ್, ಮಿತಭಾಷಿಣಿಯಾದ ತರುಣಿ ಮೇಬಲ್, ವರ್ಷಗಟ್ಟಲೆ ಒಂದೇ ಲಿಫ್ಟಿನಲ್ಲಿ ಏರಿಳಿದರೂ ಒಬ್ಬರನ್ನೊಬ್ಬರು ಅರಿತವರಲ್ಲ. ಬೆಂಕಿಯ ಗಂಟೆ ಮೊಳಗಿ ಎಲ್ಲರೂ ಹೊರಬಿದ್ದ ರಾತ್ರಿ, ತಾವು ಮೂವರೂ ಒಂದೇ ಅಪರಾಧಕಥನದ ಪಾಡ್‌ಕಾಸ್ಟಿಗೆ ಕಿವಿಗೊಟ್ಟವರೆಂಬುದು ಬಯಲಾಗುತ್ತದೆ. ಅದೇ ರಾತ್ರಿ ಟಿಮ್ ಕೋನೋ ಎಂಬ ನೆರೆಯವನು ಹೆಣವಾಗಿ ದೊರೆಯುತ್ತಾನೆ. ಮುಂದಿನದು ಊಹ್ಯ: ಮೂವರೂ ಸೇರಿ ತಮ್ಮದೇ ಪಾಡ್‌ಕಾಸ್ಟೊಂದನ್ನು ಹೂಡುತ್ತಾರೆ, ಪೊಲೀಸರಿಗೆ ತಲೆನೋವಾಗುತ್ತಾರೆ.

ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹಾಸ್ಯಕ್ಕೆ ಕರುಣ ಭಯಾನಕಗಳೆರಡನ್ನೂ ವಿರೋಧಿ ರಸಗಳೆಂದು ವಿಧಿಸಿದ್ದಾನೆ. ಶಾಸ್ತ್ರ ಸರಿಯಾದುದೇ, ಹೆಣದ ಮುಂದೆ ನಗುವವನನ್ನು ಯಾವ ಊರಿನವರೂ ಒಪ್ಪುವುದಿಲ್ಲ. ಆದರೆ ಸ್ಟೀವ್ ಮಾರ್ಟಿನ್ ಹಾಗೂ ಜಾನ್ ಹಾಫ್‌ಮನ್ ಕೂಡಿ ಕಟ್ಟಿದ ಈ ಕೃತಿಯು ಆ ವಿರೋಧವನ್ನು ಉಪಾಯದಿಂದ ಪರಿಹರಿಸಿಕೊಂಡಿದೆ: ಸತ್ತವನನ್ನು ನಾವು ಅರಿಯದಿರುವಾಗಲೇ ನಗುವೆಲ್ಲ ಮುಗಿಯುತ್ತದೆ, ಅರಿತಂತೆಲ್ಲ ದುಃಖವು ಮೆಲ್ಲನೆ ಒಳಗೆ ಬರುತ್ತದೆ. ಟಿಮ್ ಕೋನೋವಿನ ಸಂತಾಪಸಭೆಯನ್ನು ನೋಡಿ. ನೆರೆದ ನಿವಾಸಿಗಳಲ್ಲಿ ಅವನಿಗಾಗಿ ಒಂದು ಹನಿ ಕಣ್ಣೀರು ಸುರಿಸುವವರಿಲ್ಲ. ಅವನ ಮೇಲೆ ದೂರುಗಳೇ ಹೆಚ್ಚು. ಸಭೆಯ ಅನುಕಂಪವೆಲ್ಲ ಹಾವರ್ಡ್ ಎಂಬವನ ಸತ್ತ ಬೆಕ್ಕಿನ ಪಾಲಾಗುತ್ತದೆ. ನಾನು ಹೊಟ್ಟೆ ಹಿಡಿದು ನಕ್ಕೆ. ಅದೇ ಟಿಮ್ ಕೋನೋ ಎಳವೆಯಲ್ಲಿ ಮೇಬಲ್ಲಳ ಗೆಳೆಯರ ಬಳಗದವನಾಗಿದ್ದನೆಂಬುದು ತಿಳಿಯತೊಡಗಿದಾಗ, ಆ ನಗುವಿಗಾಗಿ ಯಾರೂ ನನ್ನಿಂದ ಲೆಕ್ಕ ಕೇಳಲಿಲ್ಲವಾದರೂ, ಮುಖ ಕೊಂಚ ಸಣ್ಣದಾಯಿತು.

ಆರಂಭದ ಕಂತುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು 2024ರ ಆಗಸ್ಟ್ 27ರಂದು ಬಂದ ನಾಲ್ಕನೆಯ ಸೀಸನ್ನಿನದು. ಅದರ ಹಿಂದಿನ ಸೀಸನ್ನಿನ ಕೊನೆಯಲ್ಲಿ ಸ್ಯಾಜ್ ಎಂಬಾಕೆ ಚಾರ್ಲ್ಸನ ಮನೆಯಲ್ಲಿಯೇ ಗುಂಡೇಟಿಗೆ ಬಲಿಯಾಗಿದ್ದಳು. ನಮಗೆ ಅದು ಗೊತ್ತು, ಚಾರ್ಲ್ಸನಿಗೆ ಗೊತ್ತಿಲ್ಲ. ಈ ಸ್ಯಾಜ್ ಯಾರೆಂದರೆ ಅವನ ಡ್ಯೂಪು: ಅವನು ಪತ್ತೇದಾರನಾಗಿ ಮೆರೆದ ಕಾಲದಲ್ಲಿ ಮಹಡಿಯಿಂದ ಬೀಳುವುದು, ಗಾಜು ಒಡೆದು ಹಾರುವುದು ಮುಂತಾದ ಎಲ್ಲ ಪೆಟ್ಟುಗಳನ್ನೂ ಅವನ ಪರವಾಗಿ ತಾನು ತಿಂದವಳು. ಮೂವರೂ ತಮ್ಮ ಪಾಡ್‌ಕಾಸ್ಟನ್ನು ಆಧರಿಸಿದ ಚಲನಚಿತ್ರದ ಮಾತುಕತೆಗೆಂದು ಲಾಸ್ ಏಂಜಲೀಸಿಗೆ ಹಾರುತ್ತಾರೆ. ಅವರನ್ನು ಅಭಿನಯಿಸಲು ನಿಜವಾದ ತಾರೆಯರು ಸಾಲುಗಟ್ಟಿ ನಿಂತಿದ್ದಾರೆ. ಹರಟೆ, ಕುಚೋದ್ಯ, ಆಡಂಬರಗಳಿಗೆ ಮಿತಿಯೇ ಇಲ್ಲ. ಈ ಕೋಲಾಹಲದ ನಡುವೆ ಸ್ಯಾಜಳಿಂದ ಉತ್ತರವೇಕೆ ಬಾರದೆಂಬ ಚಾರ್ಲ್ಸನ ಕಳವಳವೊಂದು ಎಳೆಯಾಗಿ ಹರಿಯುತ್ತಲೇ ಇರುತ್ತದೆ, ನಮ್ಮ ಪ್ರತಿಯೊಂದು ನಗುವಿನ ತುದಿಯಲ್ಲಿಯೂ ತೊಡರುತ್ತದೆ. ಕಡೆಗೆ ಆರ್ಕೋನಿಯದ ಕಸ ಸುಡುವ ಒಲೆಯ ಬೂದಿಯಲ್ಲಿ, ಶಸ್ತ್ರಚಿಕಿತ್ಸೆಯಿಂದ ಆಕೆಯ ಕೀಲುಗಳಿಗೆ ಜೋಡಿಸಿದ್ದ ಲೋಹದ ತುಣುಕುಗಳು ದೊರೆಯುತ್ತವೆ. ಇನ್ನೊಬ್ಬನಿಗಾಗಿ ಬಿದ್ದು ಬಿದ್ದು ಸವೆದ ಕೀಲುಗಳೇ ಆಕೆಯ ಗುರುತಾಗುವ ಈ ಕಲ್ಪನೆಯನ್ನು ಬರೆದವರ ಕೈಗೆ, ಸಾಧ್ಯವಿದ್ದಲ್ಲಿ, ನಾನು ಒಂದು ಚಿನ್ನದ ಕಡಗವನ್ನೇ ತೊಡಿಸುತ್ತಿದ್ದೆ.

ಐದನೆಯ ಸೀಸನ್ 2025ರ ಸೆಪ್ಟೆಂಬರ್ 9ರಂದು ಬಂದಿತು; ಚಾರ್ಲ್ಸನ ಪಾತ್ರ ವಹಿಸುವ ಸ್ಟೀವ್ ಮಾರ್ಟಿನ್ನನಿಗೆ ಎಂಬತ್ತು ತುಂಬಿ ಆಗ ಒಂದು ತಿಂಗಳೂ ಆಗಿರಲಿಲ್ಲ. 1986ರ ಚಿತ್ರವೊಂದರಿಂದ ಮೊದಲುಗೊಂಡು ಅವನನ್ನು ಕಿಚಾಯಿಸುತ್ತ ಬಂದಿರುವ ಮಾರ್ಟಿನ್ ಶಾರ್ಟ್ ಆಲಿವರನಾಗಿ ಪಕ್ಕದಲ್ಲಿ, ಇಬ್ಬರ ಹುಚ್ಚಾಟವನ್ನೂ ನಿರ್ವಿಕಾರವಾಗಿ ನೋಡುವ ಸೆಲೆನಾ ಗೋಮೆಜ್ ಮೇಬಲ್ಲಳಾಗಿ ನಡುವಿನಲ್ಲಿ: ಕೊಲೆಯೇ ನಡೆಯದಿದ್ದರೂ ಈ ಮೂವರನ್ನು ನೋಡುತ್ತ ಕೂರಬಹುದು. ಈ ಬಾರಿ ಸತ್ತವನು ಲೆಸ್ಟರ್, ಬಾಗಿಲು ಕಾಯುವವನು. ಅಂಗಳದ ಕಾರಂಜಿಯಲ್ಲಿ ಅವನ ದೇಹ ಬಿದ್ದಿತ್ತು. ಪೊಲೀಸರಿಗೆ ಅದು ಕೇವಲ ಅಪಘಾತ. ನಾಲ್ಕು ಸೀಸನ್ನುಗಳುದ್ದಕ್ಕೂ ಬಾಗಿಲು ತೆರೆಯುತ್ತ ನಮ್ಮೆದುರೇ ನಿಂತಿದ್ದ ಆ ಮನುಷ್ಯನನ್ನು ಕುರಿತು ನಾನು ಒಮ್ಮೆಯಾದರೂ ಯೋಚಿಸಿದ್ದುಂಟೆ? ಬರೆದವರು ಇದನ್ನು ಬಲ್ಲರು. ಆದುದರಿಂದಲೇ ಎರಡನೆಯ ಕಂತನ್ನು ಇಡಿಯಾಗಿ ಅವನ ಪೂರ್ವಜೀವನಕ್ಕೆ ಮೀಸಲಿಟ್ಟರು. ಮೂರು ಕಂತುಗಳನ್ನು ಒಂದೇ ದಿನ ಬಿಡುಗಡೆ ಮಾಡಿದ್ದರಿಂದ ಮೂರನ್ನೂ ಒಂದೇ ಉಸಿರಿಗೆ ನುಂಗಿದವರು ಹಲವರಿದ್ದಾರೆ. ನಾನು ಆ ಪಂಥದವನಲ್ಲ. ಲೆಸ್ಟರನ ಕಂತಾದ ಮೇಲೆ ಮುಂದಿನದಕ್ಕೆ ಕೈಹಾಕಲು ಮನಸ್ಸಾಗಲಿಲ್ಲ. ಆಮೇಲೆ ಬಂದ ಕೋಟ್ಯಧಿಪತಿಗಳ ಗುಂಪಾದರೋ ನನ್ನ ಪಾಲಿಗೆ ಬರಿಯ ಥಳಕು. ಅವರಲ್ಲಿ ಯಾರು ಕೊಂದಿದ್ದರೂ ನನಗೆ ಆಗಬೇಕಾದುದೇನೂ ಇರಲಿಲ್ಲ.

ಆರನೆಯದಕ್ಕೆ ಕಥೆ ಲಂಡನ್ನಿಗೆ ಹೋಗುವುದಂತೆ, ಸತ್ತವಳು ಸಿಂಡಾ ಕ್ಯಾನಿಂಗ್. ಮೂವರನ್ನೂ ಮೊದಲ ರಾತ್ರಿ ಒಂದುಗೂಡಿಸಿದ ಆ ಪಾಡ್‌ಕಾಸ್ಟಿನ ಕಂಠ ಆಕೆಯದೇ. ಲಂಡನ್ನಿನಲ್ಲಿ ಅಂಗಳವಿಲ್ಲ, ಹಾವರ್ಡನಿಲ್ಲ, ನೆರೆಹೊರೆಯ ಜಗಳವಿಲ್ಲ. ಕಟ್ಟಡವನ್ನು ಬಿಟ್ಟ ಈ ಕಥೆಗೆ ಕಾಲೂರಲು ನೆಲ ದೊರೆತೀತೇ ಎಂಬ ಸಂಶಯ ನನಗೆ ಬಲವಾಗಿಯೇ ಇದೆ. ಆದರೂ ಆ ಗರ್ವದ ಹೆಂಗಸಿಗಾಗಿ ಬರೆದವರು ನನ್ನನ್ನು ಹೇಗೆ ಅಳಿಸುವರೋ ನೋಡಿಯೇಬಿಡಬೇಕು.