ತಂದೆಯವರ ಮೀಟರು

ನಮ್ಮ ಮನೆಯ ಲ್ಯಾಂಬ್ರೆಟ್ಟಾ ಸ್ಕೂಟರು ಹುಟ್ಟಿದ್ದು 1969ರಲ್ಲಿ, ಬೊಂಬಾಯಿಯಲ್ಲಿ. ಕುಲ ಮಾತ್ರ ಇಟಲಿಯದು. ಮಿಲಾನಿನ ಲ್ಯಾಂಬ್ರೋ ನದಿಯ ಹೆಸರು ಅದರ ಹೆಸರಿನಲ್ಲಿ ಇನ್ನೂ ಹರಿಯುತ್ತಿದೆ. ತಂದೆಯವರು ನನಗೆ ಬಿಟ್ಟುಹೋದ ಆಸ್ತಿ ಅದೊಂದೇ. ಭಕ್ತಿ ಹೆಚ್ಚಾಗಿ ನಾನು ಒಂದು ಭಾನುವಾರ ಸ್ಪೀಡೋಮೀಟರಿನ ಕೇಬಲಿಗೆ ಧಾರಾಳವಾಗಿ ಗ್ರೀಸು ಬಳಿದೆ. ಅಂದಿನಿಂದ, ಸೈಕಲ್ಲಿನವರ ಹಿಂದೆ ಹೋಗುತ್ತಿದ್ದರೂ ಮುಳ್ಳು ಅರುವತ್ತು ಎನ್ನತೊಡಗಿತು. ಹಿಂದೆ ಕುಳಿತ ನನ್ನಾಕೆ ಬಗ್ಗಿ ನೋಡಿ, "ಸ್ವಲ್ಪ ನಿಧಾನ ಅಂದ್ರೆ!" ಎನ್ನುವಳು.

"ಬಿಚ್ಚಿದ್ರೆ ಕಷ್ಟ ಸಾರ್. ಹೊಸದು ಹಾಕ್ಬಿಡೋಣ, ಸೊನ್ನೆಯಿಂದ ಶುರು" ಎಂದ ಮೆಕ್ಯಾನಿಕ್.

ಸೊನ್ನೆಯೇ! ಆ ಪುಟ್ಟ ಕಿಂಡಿಯಲ್ಲಿ 61,482 ಎಂದಿದೆ. ಅದರಲ್ಲಿ ನನ್ನದು ಮೂರು ಸಾವಿರವಿದ್ದರೆ ಹೆಚ್ಚು. ಉಳಿದದ್ದೆಲ್ಲ ಅವರು ಕಚೇರಿಗೆ, ಮಾರುಕಟ್ಟೆಗೆ, ನನ್ನನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಓಡಿಸಿದ್ದು.

"ಬಿಚ್ಚಯ್ಯ, ನೋಡೋಣ" ಎಂದೆ.

ಅಂಚಿನ ಬಳೆಯನ್ನು ಮೆಲ್ಲನೆ ಎಬ್ಬಿಸಿದ. ಒಳಗೆ ಕೇಬಲಿನೊಡನೆ ಸುತ್ತುವ ಆಯಸ್ಕಾಂತ; ಅದರ ಮೇಲೆ ಕವಿಚಿದ ಅಲ್ಯೂಮಿನಿಯಂ ಬಟ್ಟಲು; ಬಟ್ಟಲಿಗೆ ಮುಳ್ಳು. ಒಂದನ್ನೊಂದು ಮುಟ್ಟುವುದಿಲ್ಲ, ಅಷ್ಟು ಮಡಿ! ಕಾಂತ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಯೆಬ್ಬಿಸಿ ತನ್ನ ಜೊತೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ತಡೆಯುತ್ತದೆ. ನನ್ನ ಗ್ರೀಸು ಕೇಬಲಿನಗುಂಟ ಮೇಲೇರಿ ಎರಡನ್ನೂ ಅಂಟಿಸಿ ಆ ಮಡಿಯನ್ನು ಕೆಡಿಸಿತ್ತು. ತಪ್ಪು ಮುಳ್ಳಿನದಲ್ಲ, ಮೇಷ್ಟ್ರದು.

ಆತ ಒರಸಿ, ತೊಳೆದು, ಕೂಡಿಸಿದ. ಮುಳ್ಳು ಈಗಲೂ ತುಸು ನಡುಗುತ್ತದೆ. ಮನೆ ಸೇರುವಷ್ಟರಲ್ಲಿ ಕೊನೆಯ ಅಂಕೆ ಎರಡರಿಂದ ಆರಕ್ಕೆ ಹೊರಳಿತ್ತು.

ಬಾಗಿಲಲ್ಲೇ ನಿಂತಿದ್ದ ನನ್ನಾಕೆ, "ಮಾವನವರ ಲೆಕ್ಕ ಅಳಿಸಲಿಲ್ಲ ತಾನೆ?" ಎಂದಳು.